ಸಿಸಿಲಿಯನ್ ಡಿಫೆನ್ಸ್: ಮೊದಲ ಐದು ನಡೆ ಆರಿಸುವುದು ಹೇಗೆ

ಚೆಸ್‌ನಲ್ಲಿ ಬಿಳಿ 1. ಇ4 ಆಡಿದಾಗ ಕಪ್ಪು 1...ಸಿ5 ಎಂದು ಉತ್ತರ ಕೊಟ್ಟರೆ ಅದು ಸಿಸಿಲಿಯನ್. ನಮ್ಮ ಕಡೆ ಇದನ್ನು ಕಲಿಯುವ ಮಕ್ಕಳು ಬಹುತೇಕ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಅದರ ಒಂದು ಶಾಖೆಯಾದ ನಾಯ್ಡೋರ್ಫ್ ಪದ್ಧತಿಯ ಹತ್ತು ಹನ್ನೆರಡು ನಡೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆಮೇಲೆ ಆಳಂದದಲ್ಲೋ ಹುಮನಾಬಾದಿನಲ್ಲೋ ಶಹಾಪುರದಲ್ಲೋ ತಾಲೂಕು ಮಟ್ಟದ ಶಾಲಾ ಪಂದ್ಯಕ್ಕೆ ಕೂತರೆ, ಎದುರಿನವರು ಎರಡನೇ ನಡೆಗೇ ಒಂಟೆಯನ್ನು ಸಿ4ಗೆ ತಂದುಬಿಡುತ್ತಾರೆ. ಬಾಯಿಪಾಠದ ಕಥೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಇಲ್ಲಿ ಉದ್ದುದ್ದ ನಡೆಸಾಲು ಕಡಿಮೆ. ಪ್ರತಿ ನಡೆ ಯಾವ ಮನೆ ಕಾಯುತ್ತದೆ, ಯಾವುದನ್ನು ಬಿಟ್ಟುಕೊಡುತ್ತದೆ ಎನ್ನುವುದಕ್ಕೆ ಹೆಚ್ಚು ಜಾಗ. ಆರಂಭದ ಆಯ್ಕೆಗಳ ಹಿಂದೆಲ್ಲ ಒಂದೇ ಪ್ರಶ್ನೆ ಇದೆ: ಡಿ5 ಮನೆ ಯಾರ ಹಿಡಿತದಲ್ಲಿದೆ? ಕಪ್ಪು ಏನೂ ಕಳೆದುಕೊಳ್ಳದೆ ಡಿ5ಗೆ ಪ್ಯಾದೆ ನೂಕಿದರೆ ಸಾಮಾನ್ಯವಾಗಿ ಆಟ ಸಮವಾಯಿತು ಎಂದೇ ಲೆಕ್ಕ. ಬಿಳಿ ಅದನ್ನು ತಡೆಯುತ್ತಾ ಹೋದರೆ ಕಪ್ಪು ಇಕ್ಕಟ್ಟಿನಲ್ಲಿ ಆಡಬೇಕು.

ಕಾಯಿಗಳನ್ನು ರಾಜ, ವಜೀರ, ಆನೆ, ಒಂಟೆ, ಕುದುರೆ, ಪ್ಯಾದೆ ಎಂದೇ ಬರೆದಿದೆ. ಉದ್ದ ಸಾಲುಗಳು ಬಿಳಿಯ ಎಡದಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್; ಮನೆಯ ಅಂಕೆ ಬಿಳಿಯ ಕಡೆಯಿಂದ 1ರಿಂದ 8. ಕಾಯಿಯ ಹೆಸರಿಲ್ಲದಿದ್ದರೆ ಪ್ಯಾದೆಯ ನಡೆ. × ಎಂದರೆ ಹೊಡೆತ, + ಎಂದರೆ ಚೆಕ್, ! ಎಂದರೆ ಒಳ್ಳೆಯ ನಡೆ. ನಡೆಯ ಅಂಕೆಯ ಮುಂದೆ ಮೂರು ಚುಕ್ಕಿ ಇದ್ದರೆ ಅದು ಕಪ್ಪಿನ ನಡೆ. ಬೋರ್ಡ್ ಮುಂದಿಟ್ಟುಕೊಂಡು, ಕಾಯಿ ನಡೆಸುತ್ತಾ ಓದಿ. ಬರೀ ಕಣ್ಣಲ್ಲಿ ಓದಿದರೆ ಅರ್ಧವೂ ತಲೆಗೆ ಹೋಗುವುದಿಲ್ಲ.

ಸಿ5 ಪ್ಯಾದೆಯ ಕೆಲಸ

ಬಿಳಿಗೆ ಇ4, ಡಿ4 ಎರಡರಲ್ಲೂ ಪ್ಯಾದೆ ನಿಲ್ಲಿಸುವ ಆಸೆ. ಸಿ5 ಪ್ಯಾದೆ ಡಿ4 ಮೇಲೆ ಕಣ್ಣಿಡುತ್ತದೆ. ಬಿಳಿ ಡಿ4 ಆಡಿದರೆ ಕಪ್ಪು ಹೊಡೆಯುತ್ತದೆ. ಆಗ ಕಪ್ಪಿನ ಪಕ್ಕದ ಪ್ಯಾದೆಯೊಂದು ಹೋಗಿ ಬಿಳಿಯ ನಡುವಿನ ಪ್ಯಾದೆ ಹೋಗುತ್ತದೆ. ಕಪ್ಪಿನ ಬಳಿ ಡಿ ಮತ್ತು ಇ ಎರಡೂ ಉಳಿಯುತ್ತವೆ, ಸಿ ಸಾಲು ಆನೆಗೆ ಅರ್ಧ ತೆರೆದಿರುತ್ತದೆ. ಬಿಳಿಗೆ ಸಿಗುವುದು ವೇಗ ಮತ್ತು ಜಾಗ: ಕಾಯಿಗಳು ಬೇಗ ಹೊರಬರುತ್ತವೆ, ಕಪ್ಪಿನ ರಾಜನ ಕಡೆ ದಾಳಿಗೆ ಸಮಯವಿರುತ್ತದೆ. ಬೇಗ ಗೆಲ್ಲಬೇಕಾದ್ದು ಬಿಳಿ. ತಡೆದುಕೊಂಡರೆ ಎಂಡ್‌ಗೇಮ್‌ನಲ್ಲಿ ಹೆಚ್ಚಾಗಿ ಕಪ್ಪಿನದೇ ಮೇಲುಗೈ.

ಇಟಲಿಯ ಪೊಲೆರಿಯೊ 1594ರ ಸುಮಾರಿಗೆ ಬರೆದಿಟ್ಟ ಟಿಪ್ಪಣಿಗಳಲ್ಲೇ ಈ ನಡೆ ಇದೆ. ನಾನೂರು ವರ್ಷಕ್ಕೂ ಮಿಕ್ಕಿ ಜನ ಇದನ್ನು ಕೆದಕಿದ್ದಾರೆ, ಹಾಗಾಗಿ ಎಲ್ಲ ಶಾಖೆಗಳನ್ನೂ ಕಲಿಯುವ ಹಟಕ್ಕೆ ಬೀಳಬೇಡಿ.

2. ಒಂಟೆ ಸಿ4: ಮೊದಲು ಇದನ್ನೇ ಕಲಿಯಿರಿ

ಶಾಲಾ ಮಟ್ಟದಲ್ಲಿ ಅತಿ ಹೆಚ್ಚು ಎದುರಾಗುವ ನಡೆ ಇದು. ಎಫ್7 ಮೇಲೆ ವಜೀರ, ಒಂಟೆ ಸೇರಿ ನಾಲ್ಕು ನಡೆಯಲ್ಲಿ ಮಾತ್ ಮಾಡುವ ಅಭ್ಯಾಸದಿಂದ ಬಂದದ್ದು. ಕಪ್ಪು ಇ5 ಆಡಿದ್ದರೆ ಸಿ4 ಒಳ್ಳೆಯ ಜಾಗವೇ. ಸಿಸಿಲಿಯನ್‌ನಲ್ಲಿ ಕಪ್ಪಿನ ಇ ಪ್ಯಾದೆ ಇನ್ನೂ ಮನೆಯಲ್ಲಿದೆ, 2...ಇ6 ಆಡಿದ ತಕ್ಷಣ ಆ ಒಂಟೆಯ ಓರೆಗೆರೆ ಗೋಡೆಗೆ ಬಡಿದು ನಿಲ್ಲುತ್ತದೆ. ಮುಂದಿನ ಬೆದರಿಕೆ ಡಿ5. ಒಂಟೆ ಮತ್ತೆ ಓಡಬೇಕು, ಒಂದು ನಡೆ ದಂಡ.

ಆದರೆ ಡಿ5 ನೂಕುವ ಮುನ್ನ ಬೆರಳು ಮಡಚಿ ಎಣಿಸಿ. ಬಿಳಿ 3. ಕುದುರೆ ಎಫ್3 ಆಡಿದ್ದರೆ 3...ಡಿ5 ಈಗಲೇ ಸರಿ, 4. ಇ×ಡಿ5 ಇ×ಡಿ5 ಆದಮೇಲೆ ಒಂಟೆ ಒಂದೇ ಡಿ5 ಮೇಲಿರುತ್ತಿತ್ತು, ಈಗ ಅದರ ಮೇಲೇ ಪ್ಯಾದೆ ಬಿದ್ದಿದೆ. ಬಿಳಿ 5. ಒಂಟೆ ಬಿ5+ ಕೊಟ್ಟರೆ ಒಂಟೆ ಡಿ7 ಅಡ್ಡ ಇಟ್ಟರೆ ಸಾಕು. ಬಿಳಿ 3. ಕುದುರೆ ಸಿ3 ಆಡಿದ್ದರೆ ಲೆಕ್ಕ ಬೇರೆ. ಆಗ ಡಿ5 ಮೇಲೆ ಕುದುರೆ, ಒಂಟೆ ಎರಡರ ಕಣ್ಣಿದೆ, ಕಪ್ಪಿನ ಕಡೆ ಕಾಯಲು ವಜೀರ ಮಾತ್ರ. ಅವಸರದ 3...ಡಿ5ಗೆ ಒಂದು ಪ್ಯಾದೆ ಹೋಗುತ್ತದೆ. ಮೊದಲು 3...ಕುದುರೆ ಎಫ್6 ಆಡಿ, ಕಾಯುವವರನ್ನು ಎರಡು ಮಾಡಿಕೊಂಡು ಆಮೇಲೆ ಡಿ5. ನಡುವೆ ಬಿಳಿ 4. ಇ5 ಎಂದು ಕುದುರೆಯನ್ನು ಅಟ್ಟಲು ಬಂದರೆ ಓಡಿಸಬೇಡಿ, 4...ಡಿ5 ಆಡಿ! 5. ಇ×ಎಫ್6 ಡಿ×ಸಿ4 6. ಎಫ್×ಜಿ7 ಒಂಟೆ×ಜಿ7. ಕುದುರೆಗೆ ಒಂಟೆ ಬದಲಾಯಿತು, ಕಪ್ಪಿನ ಎರಡೂ ಒಂಟೆ ಉಳಿದವು, ಜಿ7ರಲ್ಲಿರುವುದಂತೂ ಆಗಲೇ ಕೆಲಸಕ್ಕಿಳಿದಿದೆ.

ಇಲ್ಲಿ ಸಾಮಾನ್ಯ ತಪ್ಪು ಯಾವುದೆಂದರೆ 2...ಡಿ6 ಆಡಿ, ಅದರ ಮೇಲೆ ಜಿ6, ಒಂಟೆ ಜಿ7 ಎಂದು ಕಲಿತದ್ದನ್ನೇ ಮುಂದುವರಿಸುವುದು. ಸೋಲುವುದಿಲ್ಲ, ಆದರೆ ಸಿ4 ಒಂಟೆಗೆ ಪುಕ್ಕಟೆ ಕೆಲಸ ಕೊಟ್ಟಂತೆ. ವಜೀರ ಎಫ್3ಕ್ಕೋ ಎಚ್5ಕ್ಕೋ ಬಂದಾಗ ಮಾತ್ ಗಮನಿಸದೆ ಬಿಟ್ಟವರಂತೂ ಎದ್ದು ಕೈಕುಲುಕಬೇಕಾದೀತು.

ಎರಡನೇ ನಡೆಯ ಉಳಿದ ಅಡ್ಡದಾರಿಗಳು

ಅಲಾಪಿನ್, ಅಂದರೆ 2. ಸಿ3. ಬಿಳಿ ಡಿ4 ಆಡಿ, ಹೊಡೆದರೆ ಪ್ಯಾದೆಯಿಂದಲೇ ತಿರುಗಿ ಹೊಡೆಯುವ ಹಂಚಿಕೆ ಹಾಕಿದೆ. ಆದರೆ ಆ ಪ್ಯಾದೆ ಕುದುರೆಯ ಸ್ವಂತ ಮನೆಯಾದ ಸಿ3ರಲ್ಲಿ ಕೂತಿದೆ. ಅದರ ಲಾಭ ಪಡೆಯಿರಿ: 2...ಡಿ5 3. ಇ×ಡಿ5 ವಜೀರ×ಡಿ5. ಬೇರೆ ಆರಂಭಗಳಲ್ಲಿ ವಜೀರ ಹೀಗೆ ನಡುವೆ ಬಂದರೆ ಕುದುರೆ ಸಿ3ಕ್ಕೆ ಬಂದು ಅಟ್ಟುತ್ತದೆ. ಇಲ್ಲಿ ಅದಕ್ಕೆ ಜಾಗವಿಲ್ಲ. 4. ಡಿ4 ಬಂದ ಮೇಲೆ ಕುದುರೆ ಎಫ್6, ಆಮೇಲೆ ಇ6 ಎಂದು ಸಮಾಧಾನವಾಗಿ ಕಟ್ಟಿಕೊಳ್ಳಿ. 4...ಸಿ×ಡಿ4 ಎಂದು ಅವಸರಪಟ್ಟರೆ 5. ಸಿ×ಡಿ4 ಆಗಿ ಸಿ3 ಮನೆ ಖಾಲಿಯಾಗುತ್ತದೆ, ಕುದುರೆ ಅಲ್ಲಿಗೆ ಬಂದು ವಜೀರನ ಮೇಲೆ ಬೀಳುತ್ತದೆ. ಒಂದೇ ಅದಲುಬದಲು, ಈಗ ಮಾಡಿದರೆ ನಷ್ಟ, ಮೂರು ನಡೆ ತಡೆದು ಮಾಡಿದರೆ ಸರಿ.

ಸ್ಮಿತ್–ಮೊರ್ರಾ ಗ್ಯಾಂಬಿಟ್‌ನಲ್ಲಿ 2. ಡಿ4 ಸಿ×ಡಿ4 3. ಸಿ3 ಎಂದು ಬಿಳಿ ಒಂದು ಪ್ಯಾದೆ ಕೊಡುತ್ತದೆ. ತೆಗೆದುಕೊಳ್ಳಿ, ಹೆದರಬೇಡಿ: 3...ಡಿ×ಸಿ3 4. ಕುದುರೆ×ಸಿ3 ಕುದುರೆ ಸಿ6 5. ಕುದುರೆ ಎಫ್3 ಇ6 6. ಒಂಟೆ ಸಿ4 ವಜೀರ ಸಿ7. ಬಿಳಿ ಇಲ್ಲಿ ಯೋಚಿಸದೆ 7. ಕೋಟೆ (ಕ್ಯಾಸ್ಲಿಂಗ್) ಕಟ್ಟಿ, ಕಪ್ಪು ಕುದುರೆ ಎಫ್6, 8. ವಜೀರ ಇ2 ಆದರೆ 8...ಕುದುರೆ ಜಿ4! ಎಚ್2 ಮೇಲೆ ಕಣ್ಣು. ಕುದುರೆಯನ್ನು ಅಟ್ಟಲು 9. ಎಚ್3 ಆಡಿದವರಿಗೆ 9...ಕುದುರೆ ಡಿ4! ಆ ಕುದುರೆ ಇ2 ವಜೀರನ ಮೇಲಿದೆ. ಎಫ್3 ಕುದುರೆ ಅದನ್ನು ಹೊಡೆದರೆ ಎಚ್2ರಲ್ಲಿ ಮಾತ್, ಬಿಟ್ಟರೆ ವಜೀರ ಹೋಯಿತು. ಸೈಬೀರಿಯನ್ ಬಲೆ ಎಂದು ಇದಕ್ಕೆ ಹೆಸರು, ಕಡಿಮೆ ಸಮಯದ ರ‍್ಯಾಪಿಡ್ ಆಟದಲ್ಲಿ ಈಗಲೂ ಬೀಳುತ್ತಾರೆ.

2. ಕುದುರೆ ಸಿ3 ಬಂದರೆ ಎರಡು ಸಾಧ್ಯತೆ. ಮುಂದೆ ಎಫ್4 ಬಂದರೆ ಗ್ರ್ಯಾಂಡ್ ಪ್ರಿ ದಾಳಿ, ಜಿ3 ಬಂದರೆ ಕ್ಲೋಸ್ಡ್ ಸಿಸಿಲಿಯನ್. ಎರಡಕ್ಕೂ ಒಂದೇ ಕಟ್ಟೋಣ ಸಾಕು: ಕುದುರೆ ಸಿ6, ಜಿ6, ಒಂಟೆ ಜಿ7. ಗ್ರ್ಯಾಂಡ್ ಪ್ರಿಯಲ್ಲಿ ಒಂಟೆ ಸಿ4ಗೆ ಬಂದರೆ ಮತ್ತದೇ ಇ6, ರಾಜನ ಕಡೆಯ ಕುದುರೆ ಎಫ್6ರ ಬದಲು ಇ7ಕ್ಕೆ, ಆಮೇಲೆ ಡಿ5. ಬಿಳಿಯ ಗುರಿ ಎಫ್5 ನೂಕಿ, ವಜೀರನನ್ನು ಇ1ರಿಂದ ಎಚ್4ಕ್ಕೆ ತರುವುದು. ಇ7 ಕುದುರೆ ಆ ಎಫ್5 ಮನೆಯನ್ನೇ ಕಾಯುತ್ತದೆ. ಕ್ಲೋಸ್ಡ್‌ನಲ್ಲಿ ಅವಸರವಿಲ್ಲ, ಡಿ6 ಇಟ್ಟು, ಆನೆಯನ್ನು ಬಿ8ಕ್ಕೆ ತಂದು ಬಿ5, ಬಿ4 ಎಂದು ನೂಕುತ್ತಾ ಹೋಗಿ.

2. ಬಿ4 ಅಪರೂಪ. 2...ಸಿ×ಬಿ4 3. ಎ3 ಬಂದಾಗ ಎರಡನೇ ಪ್ಯಾದೆಗೆ ಆಸೆಪಡದೆ 3...ಡಿ5 ಆಡಿ. 4. ಇ×ಡಿ5 ವಜೀರ×ಡಿ5 5. ಎ×ಬಿ4 ಆಡಿದರೆ 5...ವಜೀರ ಇ5+ ಒಂದೇ ಏಟಿಗೆ ರಾಜನಿಗೆ ಚೆಕ್, ಎ1 ಆನೆಗೆ ಹೊಡೆತ.

2. ಕುದುರೆ ಎಫ್3 ಬಂದರೆ: ಮೂರು ಉತ್ತರ, ಮೂರು ಬೆಲೆ

ಬಿಳಿ ನೇರವಾಗಿ ಡಿ4 ಆಡದೆ ಮೊದಲು ಕುದುರೆ ತರುವುದಕ್ಕೆ ಕಾರಣವಿದೆ. 2. ಡಿ4 ಸಿ×ಡಿ4 3. ವಜೀರ×ಡಿ4 ಆದರೆ ಕುದುರೆ ಸಿ6 ಬಂದು ವಜೀರನನ್ನು ಅಟ್ಟುತ್ತದೆ. ಕುದುರೆಯಿಂದ ಹೊಡೆದರೆ ಆ ತಾಪತ್ರಯ ಇಲ್ಲ. ಇನ್ನು ಮೂರನೇ ನಡೆಗೆ ಡಿ4 ಬಂದಾಗ ಕಪ್ಪು ತಡ ಮಾಡದೆ ಹೊಡೆಯಬೇಕು. ಬಿಟ್ಟರೆ ಡಿ5ಗೆ ಬಿಳಿ ಪ್ಯಾದೆ ನುಗ್ಗಿ, ಸಿ5 ನೂಕಿದ್ದಕ್ಕೆ ಅರ್ಥವೇ ಇರುವುದಿಲ್ಲ.

2...ಡಿ6 ಎಂಬ ನಡೆ ಇ5 ಮನೆ ಕಾಯುತ್ತದೆ. ಹಾಗಾಗಿ ನಾಲ್ಕನೇ ನಡೆಯಲ್ಲಿ ಎಫ್6ಕ್ಕೆ ಬರುವ ಕುದುರೆಯನ್ನು ಇ5 ಪ್ಯಾದೆ ಓಡಿಸಲಾರದು. ಬೆಲೆ: ಎಫ್8 ಒಂಟೆಯ ದಾರಿ ಕಿರಿದಾಗುತ್ತದೆ, ಇ8 ರಾಜನ ಓರೆಗೆರೆ ತೆರೆಯುತ್ತದೆ, ಬಿ5ರಿಂದ ಚೆಕ್ ಬೀಳುತ್ತದೆ. ಆ ಕೊನೆಯದನ್ನು ಮರೆಯಬೇಡಿ, ಮುಂದಿನ ಅರ್ಧ ಬಲೆಗಳು ಅದರಿಂದಲೇ ಹುಟ್ಟುತ್ತವೆ.

2...ಕುದುರೆ ಸಿ6 ಎಂಬ ನಡೆ ಡಿ4 ಮೇಲೆ ಒತ್ತಡ ಹಾಕುತ್ತದೆ. ಬೆಲೆ: 3. ಒಂಟೆ ಬಿ5, ಅಂದರೆ ರೊಸ್ಸೊಲಿಮೊ. ಒಂಟೆ ಸಿ6 ಕುದುರೆ ಹೊಡೆದು ಪ್ಯಾದೆಗಳನ್ನು ಒಂದರ ಹಿಂದೊಂದು ಮಾಡುತ್ತೇನೆ ಎನ್ನುತ್ತದೆ. 2018ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕರುವಾನಾ ಮೊದಲ ಆಟಗಳಲ್ಲಿ ಕಾರ್ಲ್‌ಸನ್ ಎದುರು ಇದನ್ನೇ ಹಿಡಿದರು. 3...ಜಿ6 ಆಡಿ ಒಂಟೆಯನ್ನು ಜಿ7ಕ್ಕೆ ತಂದರೆ ಕಪ್ಪಿಗೆ ಭಯವಿಲ್ಲ.

2...ಇ6 ಎಂಬ ನಡೆ ಡಿ5ಗೆ ನೇರ ಬೆಂಬಲ, ಎಫ್8 ಒಂಟೆಗೂ ದಾರಿ. ಬಿ5 ಚೆಕ್ಕಿನ ಕಾಟವೂ ಇಲ್ಲ. ಬೆಲೆ ಡಿ6 ಮನೆ. ಅದನ್ನು ಕಾಯುವ ಪ್ಯಾದೆ ಇಲ್ಲ, ಬಿಳಿ ಕುದುರೆ ಬಿ5 ಮೂಲಕ ಅಲ್ಲಿಗೆ ಜಿಗಿಯಲು ನೋಡುತ್ತಲೇ ಇರುತ್ತದೆ.

ಹೊಸಬರಿಗೆ ನಮ್ಮ ಆಯ್ಕೆ 2...ಇ6. ತಾಲೂಕು, ಜಿಲ್ಲಾ ಮಟ್ಟದಲ್ಲಿ ಸಿ4ಗೆ ಒಂಟೆ ತರುವವರೇ ಹೆಚ್ಚು, ಅವರೆದುರು ಈ ಪ್ಯಾದೆ ಆಗಲೇ ಸರಿಯಾದ ಜಾಗದಲ್ಲಿರುತ್ತದೆ. ನಾಯ್ಡೋರ್ಫ್‌ಗೆ ಹೋಲಿಸಿದರೆ ಕಲಿಯಬೇಕಾದ್ದೂ ಕಡಿಮೆ.

ನಾಲ್ಕನೇ ನಡೆ: ಕುದುರೆ ಎಫ್6 ಏಕೆ ಮೊದಲು

2...ಡಿ6 3. ಡಿ4 ಸಿ×ಡಿ4 4. ಕುದುರೆ×ಡಿ4. ಇಲ್ಲಿ ಕೆಲವರು "ಹೇಗೂ ಡ್ರ್ಯಾಗನ್ (ಜಿ6, ಒಂಟೆ ಜಿ7 ಕಟ್ಟುವ ಪದ್ಧತಿ) ಆಡುತ್ತೇನೆ" ಎಂದು ಜಿ6 ಆಡಿಬಿಡುತ್ತಾರೆ. ಕುದುರೆ ಎಫ್6 ಬಂದರೆ ಇ4 ಪ್ಯಾದೆಗೆ ಬೆದರಿಕೆ. ಬಿಳಿ ಅದನ್ನು ಕಾಯಲು ಕುದುರೆ ಸಿ3 ಆಡುವುದು ರೂಢಿ, ಅದರಿಂದ ಸಿ ಪ್ಯಾದೆಯ ದಾರಿ ಮುಚ್ಚುತ್ತದೆ. ಆ ಒತ್ತಾಯ ಹೇರದೆ ಬಿಟ್ಟರೆ ಬಿಳಿ 5. ಸಿ4 ಆಡುತ್ತದೆ. ಸಿ4, ಇ4 ಎರಡು ಪ್ಯಾದೆಗಳೂ ಡಿ5ಯನ್ನು ಹಿಡಿದು ಕೂರುತ್ತವೆ. ಇದಕ್ಕೆ ಮಾರೋಟ್ಸಿ ಬಂಧ ಎನ್ನುತ್ತಾರೆ. ಸೋಲು ಅಂತಲ್ಲ, ಆದರೆ ಡಿ5 ನೂಕುವ ಆಸೆ ಬಹಳ ಹೊತ್ತು ಬಿಡಬೇಕು, ಇಪ್ಪತ್ತು ನಡೆ ಉಸಿರು ಬಿಗಿಹಿಡಿದು ಆಡಬೇಕು.

2...ಇ6 ಆಡಿದವರಿಗೆ ಲೆಕ್ಕ ಸ್ವಲ್ಪ ಬೇರೆ. ಅವರು 4...ಕುದುರೆ ಎಫ್6 5. ಕುದುರೆ ಸಿ3 ಆದಮೇಲೆ ನಾಯ್ಡೋರ್ಫ್ ನೆನಪಲ್ಲಿ 5...ಎ6 ಆಡಿದರೆ ತಪ್ಪು. ಇ5 ಕಾಯಲು ಡಿ6 ಪ್ಯಾದೆ ಇಲ್ಲ, 6. ಇ5 ಬಂದು ಕುದುರೆ ಡಿ5ಗೆ ಓಡಿದರೆ 7. ಕುದುರೆ×ಡಿ5 ಇ×ಡಿ5, ಕಪ್ಪಿಗೆ ಉಳಿಯುವುದು ಒಂದರ ಹಿಂದೊಂದು ನಿಂತ ಕುಂಟು ಡಿ ಪ್ಯಾದೆಗಳು. ಎರಡು ಪದ್ಧತಿ ಬೆರೆಸಿದಾಗ ಆಗುವ ಪಕ್ಕಾ ಅನಾಹುತ ಇದು. ಇ6 ಆಡಿದವರು ನಾಲ್ಕನೇ ನಡೆಗೆ ಕುದುರೆ ಸಿ6 ಆಡಿ ತೈಮಾನೋವ್ ಹಿಡಿಯುವುದು ಲೇಸು: 5. ಕುದುರೆ ಸಿ3 ವಜೀರ ಸಿ7, ಆಮೇಲೆ ಎ6, ಕುದುರೆ ಎಫ್6, ಒಂಟೆ ಬಿ4. ಸಿ7 ವಜೀರ ಇ5 ಮನೆ ಕಾಯುತ್ತದೆ. ಬಿಳಿ ಸಿ3 ಬದಲು 5. ಕುದುರೆ ಬಿ5 ಆಡಿದರೆ ತಕ್ಷಣ 5...ಡಿ6. ಕುದುರೆಯನ್ನು ಅಟ್ಟೋಣವೆಂದು 5...ಎ6 ಆಡಿದರೆ 6. ಕುದುರೆ ಡಿ6+ ಒಂಟೆ×ಡಿ6 7. ವಜೀರ×ಡಿ6, ಕಪ್ಪು ಮನೆಗಳನ್ನು ಕಾಯುವ ಒಂಟೆ ಹೋಗಿ ಬಿಳಿಯ ವಜೀರ ಎದೆ ಮೇಲೆ ಕೂತಿರುತ್ತದೆ.

ಐದನೇ ನಡೆ

2...ಡಿ6, 4...ಕುದುರೆ ಎಫ್6 5. ಕುದುರೆ ಸಿ3 ಆದಲ್ಲಿ ನಿಜವಾದ ಕವಲು. ಅತಿ ಹೆಸರಾದದ್ದು 5...ಎ6, ನಾಯ್ಡೋರ್ಫ್, ಪೋಲೆಂಡಿನಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ನೆಲೆಸಿದ ಮಿಗುಯೆಲ್ ನಾಯ್ಡೋರ್ಫ್ ಹೆಸರು. ಮೂಲೆಯಲ್ಲಿ ಒಂದು ಪ್ಯಾದೆ ಒಂದು ಮನೆ ಸರಿಸಿದರೆ ಏನಾದೀತು ಎಂದು ಕೇಳುವವರು ಮೊದಲು ಅದಿಲ್ಲದೆ ಆಡಿ ನೋಡಲಿ. 5...ಇ5 ನೇರವಾಗಿ ಆಡಿ: 6. ಒಂಟೆ ಬಿ5+! ಒಂಟೆ ಡಿ7 7. ಒಂಟೆ×ಡಿ7+ ವಜೀರ×ಡಿ7 8. ಕುದುರೆ ಎಫ್5. ಆ ಕುದುರೆಯನ್ನು ಹೊಡೆಯಬಲ್ಲ, ಬಿಳಿ ಮನೆಗಳಲ್ಲಿ ಓಡಾಡುವ ಕಪ್ಪಿನ ಒಂಟೆ ಈಗಷ್ಟೇ ಹೋಯಿತು, ಡಿ5 ಮನೆಯೂ ತೂತಾಗಿದೆ. ಎ6 ಇದ್ದಿದ್ದರೆ ಬಿ5 ಬಾಗಿಲಿಗೆ ಮೊದಲೇ ಅಗುಳಿ ಬಿದ್ದಿರುತ್ತಿತ್ತು.

ಎ6 ಆದಮೇಲೆ ಇ5 ಆಡಬೇಕೋ ಇ6 ಆಡಬೇಕೋ ಎನ್ನುವುದು ಬಿಳಿಯ ಆರನೇ ನಡೆ ನೋಡಿ ತೀರ್ಮಾನಿಸಬೇಕಾದ್ದು. 6. ಒಂಟೆ ಇ2 ಬಂದರೆ ಇ5 ಸರಿ, ಕುದುರೆ ಬಿ3ಗೆ ಸರಿಯುತ್ತದೆ. 6. ಒಂಟೆ ಇ3ಗೆ ಎರಡೂ ನಡೆಯುತ್ತವೆ. 6. ಒಂಟೆ ಜಿ5 ಬಂದರೆ ಇ6 ಮಾತ್ರ: ಎಫ್6 ಕುದುರೆ ಡಿ5 ಕಾಯುವ ಮುಖ್ಯ ಕಾವಲುಗಾರ, ಇ5 ಆಡಿದರೆ ಬಿಳಿ ಅದನ್ನು ಹೊಡೆದು ತನ್ನ ಕುದುರೆಯನ್ನು ಡಿ5ಗೆ ನೆಡುತ್ತದೆ. ಮಾಜಿ ವಿಶ್ವ ಚಾಂಪಿಯನ್, ಅಮೆರಿಕದ ಬಾಬಿ ಫಿಷರ್ ಇಷ್ಟಪಡುತ್ತಿದ್ದ 6. ಒಂಟೆ ಸಿ4ಗೂ ಇ6ಯೇ ಉತ್ತರ, ಕಾರಣ ಆಗಲೇ ಹೇಳಿದ್ದು.

5...ಜಿ6 ಡ್ರ್ಯಾಗನ್. ಬಿಳಿ ಒಂಟೆ ಇ3, ಎಫ್3, ವಜೀರ ಡಿ2, ಉದ್ದದ ಕೋಟೆ, ಎಚ್4, ಎಚ್5 ಎಂದು ನುಗ್ಗುತ್ತದೆ. ಕಪ್ಪು ಸಿ ಸಾಲಿನಲ್ಲಿ. ಒಂದು ನಡೆ ತಡವಾದರೂ ಕಥೆ ಮುಗಿದಂತೆ. 1995ರ ವಿಶ್ವ ಪಟ್ಟದ ಪಂದ್ಯದಲ್ಲಿ ಒಂಬತ್ತನೇ ಆಟ ಆನಂದ್ ಗೆದ್ದ ಮೇಲೆ, ಹನ್ನೊಂದರಲ್ಲಿ ಕಾಸ್ಪರೋವ್ ಡ್ರ್ಯಾಗನ್ ತೆಗೆದು ಕಪ್ಪು ಕಾಯಿಯಿಂದಲೇ ಗೆದ್ದರು. ಡ್ರ್ಯಾಗನ್ ಆಡುವವರು ಒಂದು ಬಲೆ ಕಡ್ಡಾಯವಾಗಿ ತಿಳಿದಿರಲಿ: 6. ಒಂಟೆ ಇ3 ಕುದುರೆ ಜಿ4 ಎಂದು ಆ ಒಂಟೆಯ ಮೇಲೆ ಬಿದ್ದರೆ 7. ಒಂಟೆ ಬಿ5+. ಈಗ 7...ಒಂಟೆ ಡಿ7 ಅಡ್ಡ ಇಟ್ಟರೆ ಅದು ರಾಜನ ಮುಂದೆ ಕಟ್ಟುಬೀಳುತ್ತದೆ, ಜಿ4 ಕಾಯಲಾರದು, 8. ವಜೀರ×ಜಿ4, ಒಂದು ಕುದುರೆ ಪುಕ್ಕಟೆ. ನಾಯ್ಡೋರ್ಫ್‌ನಲ್ಲಿ ಇದೇ ಕುದುರೆ ಜಿ4 ಒಳ್ಳೆಯ ನಡೆ, ಎ6 ಇರುವುದರಿಂದ ಚೆಕ್ ಇಲ್ಲ.

5...ಕುದುರೆ ಸಿ6 ಆಡಿ, 6. ಒಂಟೆ ಸಿ4 ಬಂದಾಗ 6...ಜಿ6 ಎಂದವರಿಗೆ ಇನ್ನೊಂದು ಹೊಂಡ: 7. ಕುದುರೆ×ಸಿ6 ಬಿ×ಸಿ6 8. ಇ5! ಹೊಡೆದರೆ, ಅಂದರೆ 8...ಡಿ×ಇ5, 9. ಒಂಟೆ×ಎಫ್7+ ರಾಜ×ಎಫ್7 10. ವಜೀರ×ಡಿ8. ಕುದುರೆಯನ್ನು ಜಿ4ಗೆ ಓಡಿಸಿದರೂ ನೆಮ್ಮದಿ ಇಲ್ಲ. ಆರನೇ ನಡೆಗೆ ಇ6 ಆಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

5...ಇ6 ಶೆವೆನಿಂಗನ್, ಗಟ್ಟಿ ಗೋಡೆ. ಆದರೆ 6. ಜಿ4 ಎಂಬ ಕೆರೆಸ್ ದಾಳಿ ಎಫ್6 ಕುದುರೆಯನ್ನು ಓಡಿಸಲು ಸಿದ್ಧವಾಗುತ್ತದೆ. ಮೊದಲು ಎ6, ಆಮೇಲೆ ಇ6 ಎಂದು ಬರುವವರು ಅದಕ್ಕೇ ಹೆಚ್ಚು.

2...ಕುದುರೆ ಸಿ6 ದಾರಿಯಲ್ಲಿ ಮಾತ್ರ 5...ಇ5 ನಿಲ್ಲುತ್ತದೆ, ಅದೇ ಸ್ವೆಶ್ನಿಕೋವ್. ಬಿ5 ಚೆಕ್ಕಿಗೆ ಸಿ6 ಕುದುರೆ ಅಡ್ಡ ಇದೆ, ಕುದುರೆ ಎಫ್5ಕ್ಕೆ ಹೋದರೆ ಡಿ5 ನೂಕಬಹುದು. ಹಾಗಾಗಿ ಬಿಳಿ 6. ಡಿ ಕುದುರೆ ಬಿ5 ಆಡುತ್ತದೆ, ಕಪ್ಪು ಡಿ6 ಆಡಲೇಬೇಕು, 7. ಒಂಟೆ ಜಿ5 ಎ6 8. ಕುದುರೆ ಎ3 ಬಿ5. ಡಿ5 ತೂತನ್ನು ಬಿಟ್ಟುಕೊಟ್ಟು, ಬಿಳಿ ಕುದುರೆಯನ್ನು ಎ3 ಮೂಲೆಗೆ ತಳ್ಳಿ ಸಮಯ ಗಳಿಸುವ ವ್ಯವಹಾರ. ಈ ಲೆಕ್ಕ ಹಿಡಿಸುವವರೆಗೆ ಇದನ್ನು ಮುಟ್ಟದಿರುವುದೇ ವಾಸಿ.

ಆರಂಭದ ನಡೆ ಗೊತ್ತಿದ್ದೂ ದೊಡ್ಡವರು ಬೀಳುತ್ತಾರೆ. 1958ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಹೆಸರಾಂತ ಆಟಗಾರ ರೆಶೆವ್‌ಸ್ಕಿ, ಹದಿನೈದರ ಫಿಷರ್ ಎದುರು 2...ಕುದುರೆ ಸಿ6, 4...ಜಿ6 ದಾರಿ ಹಿಡಿದು, 7. ಒಂಟೆ ಸಿ4 ಕೋಟೆ 8. ಒಂಟೆ ಬಿ3 ಆದಮೇಲೆ 8...ಕುದುರೆ ಎ5 ಆಡಿದರು. 9. ಇ5 ಕುದುರೆ ಇ8 10. ಒಂಟೆ×ಎಫ್7+! ರಾಜ×ಎಫ್7 11. ಕುದುರೆ ಇ6! ಡಿ ಪ್ಯಾದೆಯಿಂದ ಹೊಡೆದರೆ ವಜೀರ ಹೋಗುತ್ತದೆ, ರಾಜನಿಂದ ಹೊಡೆದರೆ ಮಾತ್‌ನ ಬೇಟೆ. ನಡುವೆ ನಿಂತ ಕುದುರೆಯನ್ನು ಅಂಚಿಗೆ ಕಳಿಸಿದ್ದರ ಬೆಲೆ ಅದು.

ಅಭ್ಯಾಸ

ಒಂದು ಹಾಳೆಯ ಎಡಕ್ಕೆ ಬಿಳಿಯ ಎರಡನೇ ನಡೆಗಳನ್ನು ಬರೆಯಿರಿ: ಒಂಟೆ ಸಿ4, ಸಿ3, ಡಿ4, ಕುದುರೆ ಸಿ3, ಬಿ4, ಕುದುರೆ ಎಫ್3. ಬಲಕ್ಕೆ ನಿಮ್ಮ ಉತ್ತರ, ಅದರ ಮುಂದೆ "ಏಕೆ" ಎಂದು ಒಂದೇ ಸಾಲು. ಕಾರಣ ಬರೆಯಲಾಗದ ನಡೆ ಇನ್ನೂ ನಿಮ್ಮದಾಗಿಲ್ಲ. ಒಂದು ವಾರ ಮೊದಲ ಐದನ್ನಷ್ಟೇ ಆಡಿ, ಆಮೇಲೆ ಕುದುರೆ ಎಫ್3. ಬೀದರ್‌ನಿಂದ ಕಲಬುರಗಿಗೆ ವಿಭಾಗ ಮಟ್ಟದ ಪಂದ್ಯಕ್ಕೆ ರೈಲಿನಲ್ಲಿ ಬರುವಾಗ ಬೋರ್ಡ್ ಇಲ್ಲದೆ ಬಾಯಲ್ಲೇ ಇಬ್ಬರು ಆಡಬಹುದು, ಒಬ್ಬರು ಎಡದ ಸಾಲು ಹೇಳಬೇಕು, ಇನ್ನೊಬ್ಬರು ಕಾರಣ ಸಮೇತ ಉತ್ತರ.

ಮುಟ್ಟಿದ ಕಾಯಿ ಆಡಲೇಬೇಕೆಂಬ ನಿಯಮ ಸಿಸಿಲಿಯನ್‌ನಲ್ಲಿ ಹೆಚ್ಚು ಕಾಡುತ್ತದೆ, ಎ6 ಆಡಬೇಕಿದ್ದಲ್ಲಿ ರೂಢಿಯಿಂದ ಕೈ ಜಿ6ಕ್ಕೆ ಹೋಗುತ್ತದೆ. ಮೊದಲ ಐದು ನಡೆಗಳಲ್ಲೂ ಕೈ ಮೇಜಿನ ಕೆಳಗಿಟ್ಟು, ಬಿ5 ಚೆಕ್ ಇದೆಯಾ, ಇ5 ನೂಕು ಇದೆಯಾ, ಡಿ5 ಎಣಿಕೆ ಎಷ್ಟು ಎಂದು ನೋಡಿಯೇ ಕೈ ಎತ್ತಿ. ಹತ್ತು ಸೆಕೆಂಡಿನ ಕೆಲಸ.

ಸೋತ ಆಟವನ್ನು ಎಂಜಿನ್‌ಗೆ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ತಂತ್ರಾಂಶ) ಹಾಕುವ ಮುನ್ನ ನೀವೇ ನೋಡಿ. ಡಿ5 ಮನೆಯ ಎಣಿಕೆ ಯಾವ ನಡೆಯಲ್ಲಿ ಮೊದಲು ಕೈತಪ್ಪಿತು ಎಂದು ಹುಡುಕಿ, ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಆಮೇಲೆ ಎಂಜಿನ್ ಏನನ್ನುತ್ತದೆ ಎಂದು ಹೋಲಿಸಿ. ಎಂಜಿನ್ ಬೇರೆ ನಡೆ ತೋರಿಸಿದರೆ ಆ ನಡೆಯ ಮುಂದಿನ ಮೂರು ನಡೆಗಳನ್ನೂ ಆಡಿ ನೋಡಿ, ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ.